ಕಾಲಿದ್ದವರ ಹಂಪಿ

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು. ಈ ಗಾದೆ ನಮ್ಮ ಕಡೆ ಯಾರ ಕಿವಿಗೆ ಬಿದ್ದಿಲ್ಲ? ನನ್ನ ಕಿವಿಗೂ ಬಿದ್ದಿತ್ತು. ಆದರೂ ಮೊದಲ ಸಲ ನಾನು ಹಂಪಿ ನೋಡಿದ್ದು ಕಾಲಿನಿಂದಲ್ಲ, ಬಸ್ಸಿನ ಕಿಟಕಿಯಿಂದ. ನಮ್ಮೂರು ಬಮ್ಮಿಗಟ್ಟಿಯಿಂದ ಕೋಳಿ ಕೂಗುವ ಹೊತ್ತಿಗೆ ಹೊರಟ ಶಾಲೆಯ ಟ್ರಿಪ್ಪು ಅದು. ಒಂದೇ ದಿನ ಹಂಪಿಯೂ ಆಗಬೇಕು, ತುಂಗಭದ್ರಾ ಡ್ಯಾಮೂ ಆಗಬೇಕು. ಹತ್ತು ಕಡೆ ಇಳಿಸಿದರು, ಹತ್ತು ಕಡೆ ಸೀಟಿ ಊದಿ ಹತ್ತಿಸಿದರು. ಮನೆಗೆ ಬಂದಾಗ ಅವ್ವ "ಏನೇನ್ ನೋಡಿದ್ಯೋ?" ಅಂದಳು. ಡ್ಯಾಮಿನ ಕಾರಂಜಿ ಮತ್ತು ಕೊಪ್ಪಳದ ಹತ್ತಿರ ನಾನು ಮಾಡಿಕೊಂಡ ವಾಂತಿ, ಇವೆರಡು ಬಿಟ್ಟರೆ ಬಾಯಿಗೆ ಏನೂ ಬರಲಿಲ್ಲ.

ಆಮೇಲೆ ಹಂಪಿಗೆ ಬೇರೆ ಬೇರೆ ಕಾಲದಲ್ಲಿ ಹೋಗಿದ್ದೇನೆ, ಪ್ರತಿ ಸಲವೂ ನಡೆದೇ ನೋಡಿದ್ದೇನೆ. ನಡೆಯುವುದು ಕಲಘಟಗಿ ತಾಲೂಕಿನವರಿಗೆ ಹೊಸದೇನಲ್ಲ. ಹೊಲಕ್ಕೂ ಸಂತೆಗೂ ನಡೆದೇ ಬೆಳೆದವರು ನಾವು. ಆದರೆ ನಮ್ಮದು ಅರೆಮಲೆನಾಡು. ಭತ್ತದ ಗದ್ದೆ, ಗೋವಿನಜೋಳ, ಮಾವಿನ ತೋಟ, ಸಾಗವಾನಿ ಮರ ನೋಡಿದ ಕಣ್ಣಿಗೆ ಆ ಬಂಡೆಯ ರಾಶಿ ಮೊದಲ ದಿನ ದಿಕ್ಕು ತಪ್ಪಿಸುತ್ತದೆ. ದಿಕ್ಕು ತಪ್ಪದ ಹಾಗೆ ನಡೆಯಲು ಕಲಿತ ಕೆಲವು ಸೂತ್ರಗಳು ಇಲ್ಲಿವೆ.

1. ಇಡೀ ಊರು ಒಮ್ಮೆಗೇ ಕಾಣಬೇಕೆಂಬ ಆಸೆ ಬಿಡಿ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಗೆ ಬಂದಿದ್ದ. ಊರು ಎಷ್ಟು ದೊಡ್ಡದೆಂದು ಬರೆಯಹೋಗಿ ಅವನು ಕೈಚೆಲ್ಲುತ್ತಾನೆ. ಒಂದು ಗುಡ್ಡ ಹತ್ತಿ ನೋಡಿದನಂತೆ. ಬಹುಭಾಗ ಕಂಡಿತು, ಪೂರ್ತಿ ಕಾಣಲಿಲ್ಲ. ಊರು ಗುಡ್ಡಗಳ ಸಾಲು ಸಾಲಿನ ನಡುವೆ ಹಂಚಿ ಹೋಗಿತ್ತು. ಕಂಡಷ್ಟೇ ರೋಮ್‌ನಷ್ಟಿದೆ ಅಂದ. ಐನೂರು ವರ್ಷದ ಕೆಳಗೆ, ಊರು ಜೀವಂತ ಇದ್ದಾಗಲೇ, ಗುಡ್ಡ ಹತ್ತಿದವನಿಗೇ ಒಂದು ನೋಟಕ್ಕೆ ಸಿಗದ್ದು ನಿಮಗೂ ನನಗೂ ಭಾನುವಾರ ಒಂದೇ ದಿನದಲ್ಲಿ ಸಿಕ್ಕೀತೇ? ಒಂದು ಗುಡ್ಡಕ್ಕೆ ಒಂದು ತುಂಡು ಊರು ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ದಿನ ಇದ್ದರೆ ಒಳ್ಳೆಯದು. ಎರಡೇ ದಿನ ಇದ್ದರೆ ಒಂದು ದಿನ ತುಂಗಭದ್ರೆ ಹೊಳೆಯ ಈ ದಂಡೆ, ಇನ್ನೊಂದು ದಿನ ಆ ದಂಡೆ. ಒಂದೇ ದಿನ ಅಂದರೆ ಹೊಳೆ ದಾಟಲೇಬೇಡಿ.

2. ಹುಬ್ಬಳ್ಳಿಯಲ್ಲಿ ರೈಲು ಹತ್ತಿ.

ಬಮ್ಮಿಗಟ್ಟಿಯಿಂದ ಕಲಘಟಗಿ, ಅಲ್ಲಿಂದ ಹುಬ್ಬಳ್ಳಿ, ಇಷ್ಟು ಬಸ್ಸಿನಲ್ಲಿ. ಮುಂದೆ ರೈಲೇ ಸರಿ. ಅಣ್ಣಿಗೇರಿ, ಗದಗ, ಕೊಪ್ಪಳ, ಮುನಿರಾಬಾದ್, ಹೊಸಪೇಟೆ. ಕಿಟಕಿ ಬದಿ ಕೂತರೆ ನೆಲ ಬದಲಾಗುವುದು ಕಾಣುತ್ತದೆ. ಗದಗಿನ ತನಕ ಕಣ್ಣು ಹರಿದಷ್ಟು ದೂರ ಎರೆಹೊಲ. ಕೊಪ್ಪಳ ಬಂತೆಂದರೆ ಬಂಡೆಗಳು ತಲೆ ಎತ್ತುತ್ತವೆ. ಅಲ್ಲಿಯ ಗವಿಮಠದ ಗುಡ್ಡದ ಮೇಲೆ ಅಶೋಕನ ಶಾಸನ ಇದೆ.

ಈ ದಾರಿಗೆ ನಾನು ಕಟ್ಟಿಕೊಂಡ ಒಂದು ಆಟ ಇದೆ. ಆದಿಕವಿ ಪಂಪನ ಹುಟ್ಟೂರೆಂದು ಹೆಸರಾದ ಅಣ್ಣಿಗೇರಿಯಲ್ಲಿ ಮನಸ್ಸಿನಲ್ಲೇ 'ಪಂಪ' ಅನ್ನುವುದು, ಹೊಸಪೇಟೆಯಲ್ಲಿ ಇಳಿಯುವಾಗ 'ಹಂಪೆ' ಅನ್ನುವುದು. ತುಂಗಭದ್ರೆಗೆ ಹಳೆಯ ಹೆಸರು ಪಂಪಾ. ಹಳಗನ್ನಡದ 'ಪಾಲು' ಹಾಲಾಯಿತು, 'ಪಾವು' ಹಾವಾಯಿತು, 'ಪಂಪೆ' ಹಂಪೆಯಾಯಿತು. ಹೊಳೆಯ ಹೆಸರೇ ಊರಿಗೆ ಬಂತು. ಹಾಗಾಗಿ ದಾರಿ ತಪ್ಪಿದರೆ ಹೊಳೆ ಎಲ್ಲಿದೆ ಅಂತ ಕೇಳಿ. ಮಿಕ್ಕದ್ದು ತಾನೇ ಸಿಗುತ್ತದೆ.

3. ಚೀಲ ಕಟ್ಟುವ ಮೊದಲು ಡ್ಯಾಮಿನ ಸುದ್ದಿ ಓದಿ.

ಹಂಪಿಯ ಹೊಳೆಗೆ ಯಜಮಾನ ಮಳೆರಾಯ ಒಬ್ಬನೇ ಅಲ್ಲ. ಮೇಲೆ ಹೊಸಪೇಟೆಯ ಹತ್ತಿರ ಡ್ಯಾಮಿದೆ, ಅದಕ್ಕೆ 33 ಗೇಟು. ಮಲೆನಾಡಿನಲ್ಲಿ ಮಳೆ ಹಿಡಿದು ಗೇಟು ಎತ್ತಿದರೆಂದರೆ, ಹಂಪಿಯಲ್ಲಿ ಹನಿ ಬೀಳದಿದ್ದರೂ ದಂಡೆಯ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪ ನಿಲ್ಲುತ್ತದೆ, ಹೊಳೆದಂಡೆಯ ಕಾಲುದಾರಿ ಮಾಯವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಿತ್ತು ಗೇಟೇ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರಬೇಕು. ಆ ವಾರ ಹಂಪಿಗೆ ಹೋಗಲು ರಜೆ ಹಾಕಿದ್ದವರಲ್ಲಿ ನಾನೂ ಒಬ್ಬ. ಹೋಗಲಿಲ್ಲ, ಮನೆಯಲ್ಲಿ ಕೂತು ಟಿವಿಯಲ್ಲಿ ಹೊಳೆ ನೋಡಿದೆ.

ನಡೆಯುವವರಿಗೆ ನವೆಂಬರಿನಿಂದ ಫೆಬ್ರುವರಿ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಹಂಚಿನ ಹಾಗೆ ಕಾಯುತ್ತದೆ, ಕೂತರೆ ರೊಟ್ಟಿಯಾಗುತ್ತೀರಿ.

4. ಮೊದಲ ಹೆಜ್ಜೆ ಕಮಲಾಪುರದ ಮ್ಯೂಸಿಯಮ್ಮಿಗೆ.

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಕೊನೆಗೆ ಹೊತ್ತು ಉಳಿಯುವುದಿಲ್ಲ. ಪುರಾತತ್ವ ಇಲಾಖೆಯ ಈ ಮ್ಯೂಸಿಯಮ್ಮಿನ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ. ಗುಡ್ಡ, ಹೊಳೆ, ಕೋಟೆಯ ಸುತ್ತು ಎಲ್ಲ ಉಬ್ಬುತಗ್ಗಿನ ಸಮೇತ. ಅದರ ಸುತ್ತ ಎರಡು ಸುತ್ತು ಬನ್ನಿ. ಮತಂಗ ಗುಡ್ಡ ಎಲ್ಲಿ, ಮಾಲ್ಯವಂತ ಗುಡ್ಡ ಎಲ್ಲಿ, ಹೊಳೆ ಎಲ್ಲಿ ತಿರುಗುತ್ತದೆ, ಇಷ್ಟು ತಲೆಗೆ ಹೋದರೆ ಮೊಬೈಲಿನ ಮ್ಯಾಪು ಜೇಬಿನಲ್ಲೇ ಇರಬಹುದು. ಶುಕ್ರವಾರ ಬಾಗಿಲು ಹಾಕಿರುತ್ತದೆ. ಟಿಕೆಟ್ಟಿನ ಬಗ್ಗೆಯೂ ಒಂದು ಮಾತು: ವಿಠ್ಠಲನ ಗುಡಿಗೆ ಕೊಂಡದ್ದನ್ನು ಎಸೆಯಬೇಡಿ. ಅದೇ ದಿನ ಕಮಲ ಮಹಲಿಗೂ ಗಜಶಾಲೆಗೂ ಅದೇ ನಡೆಯುತ್ತದೆ.

5. ಮತಂಗಕ್ಕೆ ಸೂರ್ಯನಿಗಿಂತ ಮೊದಲು ಹತ್ತಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಹಂಪಿಯಲ್ಲಿ ಒಂದೇ ಗುಡ್ಡ ಹತ್ತುವವರು ಇದನ್ನೇ ಹತ್ತಬೇಕು. ವಿರೂಪಾಕ್ಷನ ಎದುರಿನ ಬಜಾರು ಎದುರು ಬಸವಣ್ಣನ ಹತ್ತಿರ ಮುಗಿಯುತ್ತದಲ್ಲ, ಅಲ್ಲಿಂದ ಹಿಂದಕ್ಕೇ ಗುಡ್ಡದ ಬುಡ. ಮೆಟ್ಟಿಲು ಇವೆ ಅನ್ನುತ್ತಾರೆ. ಇವೆ, ಆದರೆ ಕೆಲವು ಬಂಡೆಗೇ ಕಡಿದ ಕಚ್ಚು, ಕೆಲವು ಅಡ್ಡ ಬಿದ್ದ ಕಂಬ, ಒಂದು ಕಡೆಯಂತೂ ನಿಮ್ಮ ಮೊಳಕಾಲೇ ಮೆಟ್ಟಿಲು. ಟಾರ್ಚು ಬೇಕು. ಒಬ್ಬರೇ ಹೋಗಬೇಡಿ.

ಮೇಲೆ ವೀರಭದ್ರನ ಗುಡಿ. ಅದರ ಮಾಳಿಗೆ ಮೇಲೆ ಪೂರ್ವಕ್ಕೆ ಮುಖ ಮಾಡಿ ಎಲ್ಲರೂ ಫೋನು ಹಿಡಿದು ನಿಂತಿರುತ್ತಾರೆ. ನೀವು ಬೆನ್ನು ತಿರುಗಿಸಿ. ಸೂರ್ಯ ಎಲ್ಲ ಊರಲ್ಲೂ ಹುಟ್ಟುತ್ತಾನೆ, ಬೆಳಕು ಬೀಳುವ ಈ ಜಾಗ ಮಾತ್ರ ಬೇರೆ ಕಡೆ ಸಿಗದು. ಮೊದಲು ವಿರೂಪಾಕ್ಷನ ಗೋಪುರದ ತುದಿಗೆ ಬಣ್ಣ ಬರುತ್ತದೆ. ಐವತ್ತು ಮೀಟರ್ ಎತ್ತರದ ಆ ಗೋಪುರ ಇಲ್ಲಿಂದ ಜಾತ್ರೆಯಲ್ಲಿ ಕೊಂಡ ಆಟಿಕೆಯಷ್ಟು. ಆಮೇಲೆ ಬೆಳಕು ಬಂಡೆಯಿಂದ ಬಂಡೆಗೆ ಇಳಿಯುತ್ತದೆ. ಕೊನೆಗೆ, ಬಹಳ ತಡವಾಗಿ, ಕೆಳಗಿನ ಕಣಿವೆಯ ಅಚ್ಯುತರಾಯನ ಗುಡಿಯ ಅಂಗಳ ಮುಟ್ಟುತ್ತದೆ. ಪ್ರಾಕಾರದೊಳಗೆ ಪ್ರಾಕಾರ, ಅದರ ಮುಂದೆ ಉದ್ದಕ್ಕೆ ಸೂಳೆಬಜಾರಿನ ಎರಡು ಸಾಲು ಕಂಬ, ಬಜಾರು ನೇರ ಹೋಗಿ ಹೊಳೆಯ ಕಡೆಗೆ. 1534ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಕೆಳಗೆ ನಿಂತರೆ ಬರೀ ಗೋಡೆ, ಮೇಲಿಂದ ನೋಡಿದರೆ ನಕ್ಷೆ.

ಇನ್ನೊಂದು ಮಾತು. ವಾಲಿಯ ಭಯಕ್ಕೆ ಸುಗ್ರೀವ ಓಡಿ ಬಂದು ಅವಿತದ್ದು ಇಲ್ಲೇ, ಮತಂಗ ಋಷಿಯ ಶಾಪದಿಂದಾಗಿ ವಾಲಿ ಇತ್ತ ಕಾಲಿಡುವಂತಿರಲಿಲ್ಲ ಅನ್ನುತ್ತದೆ ಕತೆ. ಅರಸರು ಆ ಕತೆಯನ್ನು ಕತೆಯಾಗಿ ಮಾತ್ರ ಬಿಡಲಿಲ್ಲ. ಅರಮನೆಯ ಆವರಣದ ಹಜಾರರಾಮನ ಗುಡಿಯಿಂದ ಮತಂಗ ನೇರ ಉತ್ತರಕ್ಕೆ ಬರುತ್ತದೆ. 1980ರಿಂದ ವರ್ಷಗಟ್ಟಲೆ ಹಂಪಿಯನ್ನು ನಡೆದು ಅಳೆದ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ ಇದನ್ನು ಎತ್ತಿ ತೋರಿಸಿದರು. ಮಧ್ಯಾಹ್ನ ಹಜಾರರಾಮನ ಗುಡಿಗೆ ಹೋದಾಗ ಫೋನಿನ ದಿಕ್ಸೂಚಿ ತೆಗೆದು ನೀವೇ ನೋಡಿ. ಬೆಳಿಗ್ಗೆ ನೀವು ನಿಂತಿದ್ದ ವೀರಭದ್ರನ ಗುಡಿ ಮುಳ್ಳಿನ ತುದಿಗೆ ಕೂತಿರುತ್ತದೆ.

6. ಬುತ್ತಿ ಕಟ್ಟಿ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಮೂರು ದಿನ ಕೆಡುವುದಿಲ್ಲ, ಭಾರವೂ ಇಲ್ಲ. ನೀರು ಮೂರು ಲೀಟರ್, ಅದರಲ್ಲಿ ಒಂದಕ್ಕೆ ಉಪ್ಪು, ಸಕ್ಕರೆ, ನಿಂಬೆ. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ. ಆ ಚೀಲದ ಸದ್ದು ಹಂಪಿಯ ಮಂಗಗಳಿಗೆ ಗುಡಿಯ ಗಂಟೆ ಇದ್ದ ಹಾಗೆ. ಸಂಜೆ ಹಸಿವಿಗೆ ಹೊಸಪೇಟೆಯ ಒಗ್ಗರಣಿ ಮಿರ್ಚಿ ಇದ್ದೇ ಇದೆ.

7. ಒಂದು ಜೊತೆ ದಪ್ಪ ಕಾಲುಚೀಲ ಹೆಚ್ಚಿಗೆ ಇರಲಿ.

ಗುಡಿಯಲ್ಲಿ ಜೋಡು ಬಿಡಬೇಕು, ಹಾಸುಗಲ್ಲು ಸುಡುತ್ತದೆ. ಇಷ್ಟೇ.

8. ವಿಠ್ಠಲನಿಗೆ ಹೊಳೆದಂಡೆಯ ದಾರಿಯಲ್ಲೇ ಹೋಗಿ.

ವಾಹನದಲ್ಲಿ ಬಂದವರು ಕಮಲಾಪುರದ ಕಡೆಯಿಂದ ಸುತ್ತಿ ಬಂದು, ಬ್ಯಾಟರಿ ಗಾಡಿ ಹತ್ತಿ, ಕಲ್ಲಿನ ರಥದ ಮುಂದೆ ಇಳಿಯುತ್ತಾರೆ. ಐವತ್ತು ರೂಪಾಯಿ ನೋಟಿನ ಬೆನ್ನಿಗಿರುವ ರಥ ಅದು. ಫೋಟೋ ಆಯಿತು, ಹೊರಟರು. ಆದರೆ ವಿರೂಪಾಕ್ಷನ ಬಜಾರಿನಿಂದ ಹೊಳೆ ಹಿಡಿದು ನಡೆದರೆ ಹೆಚ್ಚುಕಡಿಮೆ ಎರಡೇ ಕಿಲೋಮೀಟರ್. ಈ ಎರಡು ಕಿಲೋಮೀಟರಿಗೆ ನಾನು ಅರ್ಧ ದಿನ ಕೊಡುತ್ತೇನೆ.

ಮೊದಲು ಕೋದಂಡರಾಮನ ಗುಡಿ, ಮುಂದೆ ಚಕ್ರತೀರ್ಥ. ಪೂರ್ವದ ಕಡೆ ಸಾಗುತ್ತಿದ್ದ ಹೊಳೆ ಇಲ್ಲಿ ಉತ್ತರಕ್ಕೆ ಹೊರಳುತ್ತದೆ, ಅದಕ್ಕೇ ಮೀಯಲು ಪುಣ್ಯದ ಜಾಗ. ಈಜಲು ಮಾತ್ರ ಅಲ್ಲ: ಬಂಡೆಯ ಸಂದಿನಲ್ಲಿ ಸುಳಿ ಇವೆ, ಪಾಚಿ ಇದೆ. ಹಿಂದೆ ಸ್ವಲ್ಪ ಏರಿದರೆ ವ್ಯಾಸರಾಯರು ಪ್ರತಿಷ್ಠೆ ಮಾಡಿದರೆನ್ನುವ ಯಂತ್ರೋದ್ಧಾರಕ ಹನುಮಂತ. ಮತ್ತೆ ಇಳಿದು ಮುಂದೆ ನಡೆದರೆ ಸೂಳೆಬಜಾರು, ಬೆಳಿಗ್ಗೆ ಮೇಲಿಂದ ನೋಡಿದ್ದು ಈಗ ಹೆಗಲೆತ್ತರಕ್ಕೆ ಬಂದು ನಿಲ್ಲುತ್ತದೆ. ಆಚೆ ಸುಗ್ರೀವನ ಗುಹೆ. ಬಂಡೆಯ ಮೇಲಿನ ಬಿಳಿ ಪಟ್ಟೆ ಸೀತೆಯ ಸೀರೆ ಎಳೆದ ಗುರುತೆಂದು ಹೇಳುವ ಅಜ್ಜ ಒಬ್ಬ ಸಿಕ್ಕೇ ಸಿಗುತ್ತಾನೆ. ವಾದಿಸಬೇಡಿ, ಕತೆ ಕೇಳಿ. ಹೊಳೆಯೊಳಗೆ ಗಿಡ್ಡ ಕಲ್ಲುಕಂಬಗಳ ಸಾಲು ಕಾಣುತ್ತದೆ. ಹಳೆಯ ಸೇತುವೆಯ ಉಳಿಕೆ ಅದು. ದಂಡೆಯಲ್ಲಿ ಪುರಂದರ ಮಂಟಪ.

ಆಮೇಲೆ ಬರುತ್ತದೆ ತುಲಾಭಾರದ ಕಮಾನು. ಎರಡು ಕಂಬ, ಮೇಲೊಂದು ತೊಲೆ, ಅಷ್ಟೇ. ಎಲ್ಲರೂ ದಾಟಿ ಹೋಗುತ್ತಾರೆ. ನೀವು ಅದರ ಕೆಳಗೆ ನಿಂತು ತಲೆ ಎತ್ತಿ. ತೊಲೆಯ ಅಡಿಗೆ ಮೂರು ಕಲ್ಲಿನ ಬಳೆ, ತಕ್ಕಡಿ ತೂಗು ಹಾಕಲು ಕೆತ್ತಿದ್ದು. ಅರಸನನ್ನು ಬಂಗಾರದಲ್ಲಿ ತೂಗಿದ ಜಾಗ ಅಂತಾರೆ. ಕಂಬದ ಬುಡದಲ್ಲಿ ರಾಜ, ರಾಣಿಯರ ಸಣ್ಣ ಕೆತ್ತನೆ ಇದೆ, ಮೊಳಕಾಲೂರಿದರೆ ಮಾತ್ರ ಕಾಣುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಇಂಗ್ಲಿಷ್ ಸೇನಾಧಿಕಾರಿ ದೊಡ್ಡ ಕ್ಯಾಮರಾ ಹೊರಿಸಿಕೊಂಡು ಹಂಪಿಯೆಲ್ಲ ಸುತ್ತಿ ಮೇಣದ ಕಾಗದದ ಮೇಲೆ ಫೋಟೋ ತೆಗೆದ. ಆತ ನಿಂತ ಕಡೆಯೇ ನಿಂತು ಹೊಸ ಫೋಟೋ ತೆಗೆದವರೂ ಇದ್ದಾರೆ. ಬಂಡೆ ಒಂದಿಂಚೂ ಸರಿದಿಲ್ಲ.

9. ಬಂಡೆ ಓದಲು ಕಲಿಯಿರಿ.

ಜ್ವಾಲಾಮುಖಿ ಸಿಡಿಯಿತು, ಭೂಕಂಪ ಆಯಿತು, ವಾಲಿ ಸುಗ್ರೀವರು ಒಬ್ಬರಿಗೊಬ್ಬರು ಬೀಸಿದರು: ಬಂಡೆಗಳು ಹೀಗೆ ಬಿದ್ದದ್ದಕ್ಕೆ ಗೈಡುಗಳ ಬಳಿ ಮೂರು ಉತ್ತರ ಇವೆ. ಮೂರನೆಯದು ಚಂದ, ಮೊದಲೆರಡು ಸುಳ್ಳು. ಇದು ಸುಮಾರು 250 ಕೋಟಿ ವರ್ಷದ ಗ್ರಾನೈಟು. ಭೂಮಿಯೊಳಗೆ ಇದ್ದಾಗಲೇ ಚೌಕ ಚೌಕ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿಯಿತು, ಮೂಲೆಗಳು ಕೊಳೆತು ದುಂಡಗಾದವು, ಸುತ್ತಲಿನ ಮಣ್ಣು ಕಾಲಾಂತರದಲ್ಲಿ ಕೊಚ್ಚಿಹೋಯಿತು. ಉಳಿದದ್ದು ಹೇಗಿತ್ತೋ ಹಾಗೇ ಒಂದರ ಮೇಲೊಂದು ಕೂತಿದೆ. ಯಾರೂ ಪೇರಿಸಿದ್ದಲ್ಲ, ಯಾವುದೂ ಉರುಳಿ ಬಂದದ್ದಲ್ಲ.

ಆಮೇಲೆ ಮನುಷ್ಯನ ಗುರುತು ಹುಡುಕಿ. ಬಂಡೆಯ ಅಂಚಿಗೆ ಬೆಂಕಿಪೊಟ್ಟಣದಷ್ಟು ಅಗಲದ ಚೌಕ ಗುಂಡಿಗಳು ಸಾಲಾಗಿ ಕಾಣುತ್ತವೆ, ಹಲ್ಲಿನ ಸಾಲಿನ ಹಾಗೆ. ಅಲ್ಲಿ ಬೆಣೆ ಹೊಡೆದು ಕಲ್ಲು ಸೀಳುತ್ತಿದ್ದರು. ಒಣ ಕಟ್ಟಿಗೆಯ ಬೆಣೆಗೆ ನೀರು ಉಣಿಸಿ ಉಬ್ಬಿಸುತ್ತಿದ್ದರು ಅಂತಲೂ ಹೇಳುತ್ತಾರೆ. ಹೇಮಕೂಟ ಗುಡ್ಡದ ಹಿಂದೆ ಒಂದು ಬಂಡೆ ನನಗೆ ಬಹಳ ಪ್ರೀತಿ: ಗುಂಡಿ ತೋಡಿದ್ದಾರೆ, ಸೀಳಿಲ್ಲ. ಹನ್ನೊಂದು ಗುಂಡಿ, ಹನ್ನೆರಡನೆಯದು ಅರ್ಧಕ್ಕೆ ನಿಂತಿದೆ. ಊಟಕ್ಕೆ ಎದ್ದು ಹೋದವನು ತಿರುಗಿ ಬರಲಿಲ್ಲವೋ, ವಿಜಯನಗರ ಹಾಳಾದ 1565 ಬಂದುಬಿಟ್ಟಿತೋ. ಆ ಅರ್ಧ ಗುಂಡಿಯಲ್ಲಿ ಬೆರಳಿಟ್ಟು ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಂಟಪಗಳ ನೆಲದಲ್ಲಿ ಹುಲಿಕಟ್ಟು, ಚೌಕಾಬಾರದ ಮನೆಗಳನ್ನೂ ಗೀಚಿಟ್ಟಿದ್ದಾರೆ. ಹುಣಸೆಬೀಜ ಜೇಬಿನಲ್ಲಿರಲಿ.

10. ಬಿಸಿಲೇರಿದ ಮೇಲೆ ಕಾಲುವೆ ಹಿಡಿಯಿರಿ.

ಮಧ್ಯಾಹ್ನ ಗುಡ್ಡಕ್ಕೆ ಹೋಗುವವನು ಹುಚ್ಚ. ಆ ಹೊತ್ತಿನಲ್ಲಿ ಹಂಪಿಯಿಂದ ಕಮಲಾಪುರದ ಕಡೆಗೆ, ತುರ್ತು ಕಾಲುವೆಯ ನೀರು ಹರಿಯುವ ಬಾಳೆತೋಟಗಳ ಬದಿಯಲ್ಲಿ ನಡೆಯಿರಿ. ಈ ಕಾಲುವೆ ವಿಜಯನಗರದವರು ತೋಡಿದ್ದು. ಅರಮನೆ ಸುಟ್ಟಿತು, ಬಜಾರು ಬರಿದಾಯಿತು. ಕಾಲುವೆಯಲ್ಲಿ ನೀರು ಇವತ್ತಿಗೂ ಹರಿಯುತ್ತದೆ, ರೈತರು ಇವತ್ತಿಗೂ ನೀರಿನ ಸರದಿಗೆ ಜಗಳಾಡುತ್ತಾರೆ. ಹಂಪಿಯಲ್ಲಿ ಹಾಳಾಗದೆ ಉಳಿದ ಅತಿ ದೊಡ್ಡ ಸ್ಮಾರಕ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ದಾರಿಯಲ್ಲಿ 1528ರ ಉಗ್ರನರಸಿಂಹ, ಪಕ್ಕದಲ್ಲೇ ಬಡವಿಲಿಂಗ, ಗರ್ಭಗುಡಿಯಲ್ಲಿ ಕಾಲುವೆಯ ನೀರು ನಿಂತೇ ಇರುತ್ತದೆ. ಅರಮನೆಯ ಕಡೆ ಬಂದರೆ ಕಾಲುವೆಗುಂಟ ಕಲ್ಲಿನ ತಟ್ಟೆಗಳ ಸಾಲು. ಚಪ್ಪಡಿಗೇ ಅನ್ನಕ್ಕೊಂದು ತಗ್ಗು, ಪಲ್ಯಕ್ಕೊಂದು ತಗ್ಗು, ಸಾರಿಗೊಂದು ತಗ್ಗು ಕೊರೆದಿದ್ದಾರೆ. ನನ್ನ ಜೊತೆ ಬಂದಿದ್ದ ಸೋದರಮಾವ ಎಣಿಸಿ ನೋಡಿ, "ಉಪ್ಪಿನಕಾಯಿಗೆ ಜಾಗಾನ ಇಲ್ಲಲ್ಲೋ" ಅಂದ.

11. ತೆಪ್ಪದಲ್ಲಿ ಕೂತರೆ ಮಾತಾಡಿ.

ತಳವಾರಘಟ್ಟದಲ್ಲಿ ಹೊಳೆ ದಾಟಿದರೆ ಆನೆಗೊಂದಿ, ವಿಜಯನಗರಕ್ಕಿಂತ ಹಳೆಯ ಊರು. ಇಲ್ಲಿ ಕಟ್ಟುತ್ತಿದ್ದ ಸೇತುವೆಯೊಂದು 2009ರಲ್ಲಿ ಕುಸಿದುಬಿತ್ತು. ಈಗ ಗಾಡಿಗಳು ಬುಕ್ಕಸಾಗರ, ಕಡೇಬಾಗಿಲು ಸೇತುವೆ ಸುತ್ತಿಕೊಂಡು ಹೋಗುತ್ತವೆ. ನಡೆಯುವವರಿಗೆ ತೆಪ್ಪವೇ ಸಲೀಸು. ಪಾಯಸ್ ಕೂಡ ಈ ಬುಟ್ಟಿಯಂಥ ದೋಣಿಗಳನ್ನು ನೋಡಿದ್ದ. ಬಿದಿರಿನ ಹೆಣಿಗೆ, ಮೇಲೆ ಚರ್ಮ, ಒಂದರಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಾರೆ ಎಂದು ಬರೆದಿಟ್ಟ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು.

ಬಾಡಿಗೆ ಮೊದಲೇ ಮಾತಾಡಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕಳೆದ ಸಲ ಹುಟ್ಟು ಹಾಕುತ್ತಿದ್ದವರು ಅರವತ್ತು ದಾಟಿದ ಹಿರಿಯರು.

"ಯಾ ಊರಾತ್ರೀ ಸರ?"

"ಕಲಘಟಗಿ ಕಡೆ, ಬಮ್ಮಿಗಟ್ಟಿರೀ ಯಜಮಾನ್ರ."

"ಕಲಘಟಗಿ ಅಂದ್ರ ತೊಟ್ಲದ ಊರ ಬಿಡ್ರಿ." ಒಂದು ಸುತ್ತು ತೆಪ್ಪ ತಿರುಗಿಸಿ ನಕ್ಕರು. "ನಿಮ್ಮಲ್ಲಿ ತೊಟ್ಲ, ನಮ್ಮಲ್ಲಿ ತೆಪ್ಪ. ಎರಡೂ ತೂಗ್ತಾವ. ನಿಮ್ದ್ರಾಗ ನಿದ್ದಿ ಬರ್ತೈತಿ, ನಮ್ದ್ರಾಗ ನಿದ್ದಿ ಹೋಕ್ಕೈತಿ."

ನೀರು ಕಡಿಮೆ ಇದ್ದ ದಿನ ಇಂಥವರನ್ನೇ ಕೇಳಿ ಕೋಟಿಲಿಂಗದ ಕಡೆ ಹೋಗಿ. ಹೊಳೆಯ ಬಂಡೆಗೇ ನೂರಾರು ಪುಟ್ಟ ಲಿಂಗಗಳನ್ನು ಸಾಲು ಹಿಡಿದು ಕೆತ್ತಿದ್ದಾರೆ. ಗೇಟು ಎತ್ತಿದ ದಿನ ಅಷ್ಟಕ್ಕೂ ಗಂಗಾಭಿಷೇಕ.

12. ಅಂಜನಾದ್ರಿಗೆ ಶನಿವಾರ ಬೇಡ.

575 ಮೆಟ್ಟಿಲು. ಬೆಳ್ಳಗೆ ಸುಣ್ಣ ಹೊಡೆದ ದಾರಿ ದೂರದಿಂದಲೇ ಕಾಣುತ್ತದೆ. ಹನುಮಂತ ಹುಟ್ಟಿದ ಗುಡ್ಡ ಅನ್ನುವುದು ಇಲ್ಲಿಯ ನಂಬಿಕೆ; 2021ರಲ್ಲಿ ತಿರುಮಲದವರು ನಮ್ಮ ಬೆಟ್ಟದಲ್ಲಿ ಹುಟ್ಟಿದ್ದು ಅಂದಾಗ ಆನೆಗೊಂದಿಯ ಚಹಾ ಅಂಗಡಿಗಳಲ್ಲಿ ಆದ ಚರ್ಚೆ ಕೇಳಬೇಕಿತ್ತು. ಶನಿವಾರ, ರಜೆ, ಹನುಮ ಜಯಂತಿ ಬಿಟ್ಟು ಹೋಗಿ. ಮೇಲಿಂದ ಕಾಣುವುದು ಹೊಳೆ ಮತ್ತು ಭತ್ತದ ಗದ್ದೆ, ನಟ್ಟನಡುವೆ ಬಂಡೆ. ಎಳೆಹಸಿರು ಗದ್ದೆಯ ಕಾಲದಲ್ಲಿ ನಮ್ಮ ಕಡೆಯವರಿಗೆ ಊರ ನೆನಪಾಗುತ್ತದೆ.

13. ಕಾಲಲ್ಲಿ ಕಸುವು ಉಳಿದಿದ್ದರೆ ಹಿರೇಬೆಣಕಲ್.

ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರಿನಿಂದ ಗುಡ್ಡಕ್ಕೆ ಒಂದು ತಾಸಿನ ಏರು, ನೆರಳಿಲ್ಲ, ನೀರಿಲ್ಲ, ಫಲಕಗಳನ್ನು ನಂಬುವಂತಿಲ್ಲ. ಊರಿನ ಹುಡುಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿ ಕೊಡಿ. ಮೇಲೆ ನಾನೂರಕ್ಕೂ ಹೆಚ್ಚು ಬೃಹತ್ ಶಿಲಾಗೋರಿಗಳು. ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಮುಚ್ಚಿ, ಒಂದು ಬದಿಗೆ ದುಂಡನೆ ಕಿಂಡಿ ಕೊರೆದ ಕಲ್ಲುಮನೆಗಳು, ಓಣಿ ಓಣಿಯಾಗಿ. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಊರವರು ಮೋರೇರ ಗುಡ್ಡ ಅನ್ನುತ್ತಾರೆ, ಮೋರೇರು ಅನ್ನುವ ಕುಳ್ಳರು ಇದ್ದ ಮನೆಗಳಂತೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಇಲ್ಲೊಂದು ಬಂಡೆಯ ಮೇಲೆ ನಗಾರಿ ಆಕಾರದ ಕಲ್ಲು ಕೂತಿದೆ. ಸಣ್ಣ ಕಲ್ಲಿನಿಂದ ಬಡಿದರೆ ಗುಡ್ಡಕ್ಕೆಲ್ಲ ಕೇಳುವ ಸದ್ದು. ಗೋರಿ ಕಟ್ಟಿದವರು ಕಲ್ಲು ಎತ್ತಿದ ಕೊಳ್ಳದಲ್ಲೇ ನೀರು ನಿಂತು ಹೊಂಡ ಆಗಿದೆ. ವಿಜಯನಗರದ ಕಲ್ಲುಕುಟಿಗರಿಗೆ ಅಜ್ಜನ ಅಜ್ಜಂದಿರು ಇವರೇ ಅನ್ನಿಸಿತು ನನಗೆ.

14. ಹಳೆಯ ಮಾಹಿತಿ ಹಿಡಿದು ಹೋಗಬೇಡಿ.

ವಿರೂಪಾಕ್ಷನ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆ, ಹೋಟೆಲುಗಳನ್ನು 2011ರಲ್ಲಿ ತೆಗೆಸಿದರು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ಆದೇಶದಂತೆ 2020ರಲ್ಲಿ ನೆಲಸಮವಾದವು. ಗೆಳೆಯ ಹೇಳಿದ ಚಾಪೆ ಹಾಸಿದ ಹೋಟೆಲು ಈಗ ಅಲ್ಲಿಲ್ಲ. ಕಮಲಾಪುರ, ಹೊಸಪೇಟೆ, ಆನೆಗೊಂದಿ, ಮೂರರಲ್ಲಿ ಒಂದು ಕಡೆ ಉಳಿಯಿರಿ.

15. ಕತ್ತಲಿಗೆ ಮರ್ಯಾದೆ ಕೊಡಿ.

ದರೋಜಿ ಕರಡಿಧಾಮ ದೂರವೇನಲ್ಲ. ಬಂಡೆಯ ಗವಿಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಸಂಜೆ ಗುಡ್ಡದಿಂದ ಇಳಿಯಲು ಸೂರ್ಯ ಮುಳುಗುವವರೆಗೆ ಕಾಯುವುದೇ ಆದರೆ ಹೇಮಕೂಟದಲ್ಲಿ ಕಾಯಿರಿ, ಅದು ಊರ ಪಕ್ಕದ ಹಾಸುಬಂಡೆ. ಅಥವಾ ಮಾಲ್ಯವಂತದಲ್ಲಿ, ಅಲ್ಲಿ ರಘುನಾಥನ ಗುಡಿಯ ತನಕ ರಸ್ತೆ ಇದೆ, ಹಗಲೂ ರಾತ್ರಿ ರಾಮಚರಿತಮಾನಸ ಹಾಡುತ್ತಿರುತ್ತಾರೆ. ಗುಡಿಯ ಹಿಂದಿನ ಬಂಡೆಯ ಬಿರುಕಿನ ಎರಡೂ ಅಂಚಿಗೆ ಲಿಂಗ, ನಂದಿಗಳ ಸಾಲು ಕೆತ್ತಿದ್ದಾರೆ, ನೋಡದೆ ಬರಬೇಡಿ. ಕಾಡುಪ್ರಾಣಿಗಿಂತ ಮನುಷ್ಯರ ಭಯವೂ ಸಣ್ಣದಲ್ಲ. 2025ರ ಮಾರ್ಚಿನಲ್ಲಿ ಸಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತವರ ಮೇಲೆ ನಡೆದ ಹಲ್ಲೆಯ ಸುದ್ದಿ ಎಲ್ಲರೂ ಓದಿದ್ದೇವೆ. ಕತ್ತಲಾದ ಮೇಲೆ ಜನ ಇದ್ದಲ್ಲಿ ಇರಿ.

16. ಒಂದನ್ನು ಬಿಟ್ಟೇ ಬನ್ನಿ.

ನಾನು ಇವತ್ತಿನವರೆಗೆ ನವಬೃಂದಾವನ ನೋಡಿಲ್ಲ. ಆನೆಗೊಂದಿಯ ಹತ್ತಿರ ಹೊಳೆಯ ನಡುಗಡ್ಡೆಯ ಮೇಲೆ ಒಂಬತ್ತು ಯತಿಗಳ ಬೃಂದಾವನಗಳಿವೆ, ದೋಣಿಯಲ್ಲೇ ಹೋಗಬೇಕು. ಎರಡು ಸಲ ಗೇಟು ಎತ್ತಿದ್ದರು. ಒಮ್ಮೆ ದೋಣಿಯವರು ಊಟಕ್ಕೆ ಹೋಗಿದ್ದರು, ನನಗೆ ರೈಲಿನ ಹೊತ್ತಾಗಿತ್ತು. ಹೋದ ಸಲ ದೋಣಿ ಇತ್ತು, ನೀರೂ ಶಾಂತವಾಗಿತ್ತು. ಹತ್ತಲು ಕಾಲಿಟ್ಟಾಗ ತೆಪ್ಪದ ಅದೇ ಯಜಮಾನರು ದಂಡೆಯ ಮೇಲೆ ಬೀಡಿ ಸೇದುತ್ತ ಕೂತದ್ದು ಕಂಡಿತು. "ಏನ್ರೀ ತೊಟ್ಲದ ಊರವ್ರ, ಬರ್ರಿ, ಚಾ ಕುಡಿಯೂಣು" ಅಂದರು. ಹೋದೆ.